ಖಾರದ ಅತಿಥಿಗೆ ಯಾವ ಎಡೆ?

ಪುಷ್ಯಮಾಸದ ಒಂದು ಸಂಜೆ, ತುಬಚಿಯ ಹೊಲವೊಂದರಲ್ಲಿ, ಹಾಲುಗಾಳು ಗಟ್ಟಿಯಾಗುವ ಮೊದಲೇ ಮುರಿದು ತಂದ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುವ ನೆವದಿಂದ ನಾವು ನಾಲ್ಕಾರು ಜನ ಕೂಡಿದ್ದೆವು. ಕೃಷ್ಣೆಯ ಕಡೆಯಿಂದ ಬರುವ ಗಾಳಿಗೆ ಚಳಿಯ ಮೊನೆ ಮೂಡಿತ್ತು. ಅಲ್ಲಿದ್ದವರಲ್ಲಿ ಒಬ್ಬರು ಹಿರಿಯರು; ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಬಹುಕಾಲ ಶಾಲೆಯಲ್ಲಿ ಕನ್ನಡವನ್ನು ಕಲಿಸಿ, ಈಗ ಹೊಲದ ಬದುವಿನ ಮೇಲೆ ಓದುವ ಪುಸ್ತಕವನ್ನೂ ಮೇಯುವ ಕುರಿಯನ್ನೂ ಒಂದೇ ಮಮತೆಯಿಂದ ನೋಡಿಕೊಳ್ಳುತ್ತಿರುವವರು. ಇನ್ನೊಬ್ಬನು ತರುಣ, ಫ್ರಾನ್ಸಿನ ಮಾರ್ಸೇ ಪಟ್ಟಣದ ಭೋಜನಗೃಹವೊಂದರಲ್ಲಿ ನಾಲ್ಕು ವರುಷ ಅಡಿಗೆ ಮಾಡಿ ಊರಿಗೆ ಮರಳಿದವನು. ಆ ದಿನ ಮುಂಜಾನೆಯಿಂದ ಅವನು ಕುರಿಯ ಮಾಂಸವನ್ನು ಕೊಚ್ಚಿ, ಸಂಬಾರ ಕಲಸಿ, ತೊಳೆದು ಶುಚಿಮಾಡಿದ ಕರುಳಿನ ತೆಳುಪೊರೆಯಲ್ಲಿ ತುಂಬಿ, ಕಿರುಬೆರಳಿಗಿಂತ ತುಸು ದಪ್ಪನಾದ ಕೆಂಪು ಸರಗಳನ್ನು ಕಟ್ಟಿ ತಂದಿದ್ದನು. ಮೆರ್ಗೆಜ್ ಎಂದು ಅದರ ಹೆಸರು. ಅದನ್ನು ಸುಡುವುದು ಹೇಗೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಯಾವುದರ ಸಂಗಡ ಬಡಿಸಬೇಕೆಂಬ ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಬರಲಿಲ್ಲ. ನಾನು ಕೇಳಿದಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಹಿರಿಯರು : ಬಡಿಸುವ ಮಾತು ಆಮೇಲಾಗಲಿ. ಮೊದಲು ಇದರ ಊರು ಯಾವುದು, ಮನೆ ಯಾವುದು, ಅದನ್ನು ಹೇಳು. ಬಂದವರು ಎಲ್ಲಿಂದ ಬಂದರೆಂದು ಕೇಳದೆ ಎಡೆ ಹಾಕಿದರೆ ಹೊಟ್ಟೆ ತುಂಬಬಹುದು, ಆದರ ಆಗಲಾರದು.

ತರುಣ : ಇದರ ಊರು ಆಫ್ರಿಕ ಖಂಡದ ಉತ್ತರ ಅಂಚು. ಟ್ಯುನೀಸಿಯ, ಅಲ್ಜೀರಿಯ, ಮೊರಾಕೊ, ಈ ಮೂರು ದೇಶಗಳಲ್ಲಿಯೂ ಇದು ಮನೆಮಾತು. ಕುರಿಯ ಮಾಂಸ, ಇಲ್ಲವೇ ದನದ ಮಾಂಸ, ಇಲ್ಲವೇ ಎರಡೂ ಕೂಡಿದ್ದು ಅಲ್ಲಿ ಬಳಕೆ. ಹಂದಿಯ ಮಾಂಸ ಸೇರುವುದಿಲ್ಲ. ನಾನು ಇಂದು ಬರಿಯ ಕುರಿಯದನ್ನೇ ತಂದಿದ್ದೇನೆ. ಜೀರಿಗೆ, ಕೊತ್ತಂಬರಿಬೀಜ, ಸೋಂಪು, ಬೆಳ್ಳುಳ್ಳಿ, ಉಪ್ಪು, ಮತ್ತು ಹರೀಸಾ ಎಂಬ ಕೆಂಪು ಮೆಣಸಿನಕಾಯಿಯ ಅರಪು, ಇಷ್ಟೇ ಇದರ ಸಂಬಾರ. ಕಿಲೊ ಮಾಂಸಕ್ಕೆ ಉಪ್ಪು 15 ರಿಂದ 18 ಗ್ರಾಂ. ಕೊಬ್ಬು ಕಾಲುಭಾಗಕ್ಕೆ ಸಮೀಪವಾಗಿರಬೇಕು, ಕಡಿಮೆಯಾದರೆ ಕೆಂಡದ ಮೇಲೆ ಒಣಗಿ ಕಟ್ಟಿಗೆಯಾಗುತ್ತದೆ.

ಹಿರಿಯರು : ತನ್ನ ಮನೆಯಲ್ಲಿ ಅದು ಯಾರ ಸಂಗಡ ಕುಳಿತು ಉಣ್ಣುತ್ತದೆ?

ತರುಣ : ಅಲ್ಲಿ ಅದಕ್ಕೆ ಮೂರು ನಾಲ್ಕು ಬಗೆಯ ಸಂಗಾತವಿದೆ. ಮೊದಲನೆಯದು ಕುಸ್ಕುಸ್. ಗಟ್ಟಿ ಗೋಧಿಯ ರವೆಗೆ ನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಂಗೈಯಿಂದ ತಿಕ್ಕಿ ಸಣ್ಣ ಕಾಳುಗಳಾಗಿ ಮಾಡಿ, ಜರಡಿ ಹಿಡಿದು, ತೂತಿನ ಪಾತ್ರೆಯಲ್ಲಿಟ್ಟು, ಕೆಳಗೆ ಕುದಿಯುವ ತರಕಾರಿ ಸಾರಿನ ಹಬೆಯಲ್ಲಿ ಎರಡು ಮೂರು ಸಲ ಬೇಯಿಸುತ್ತಾರೆ. ಅದರ ಮೇಲೆ ಗಜ್ಜರಿ, ಕುಂಬಳ, ಕಡಲೆ ಮೊದಲಾದವನ್ನು ಹರಡಿ, ಸಾರು ಸುರಿದು, ಸುಟ್ಟ ಮೆರ್ಗೆಜ್ ಇಡುತ್ತಾರೆ. ಎರಡನೆಯದು ಟ್ಯುನೀಸಿಯದ ಓಜ್ಜಾ: ಟೊಮೇಟೊ, ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿ, ಹರೀಸಾ ಕೂಡಿಸಿ ಬೇಯಿಸಿದ ಗೊಜ್ಜಿನಲ್ಲಿ ಮೆರ್ಗೆಜ್ ತುಂಡುಗಳನ್ನು ಹಾಕಿ, ಮೇಲೆ ಮೊಟ್ಟೆ ಒಡೆದು ಬಿಟ್ಟು, ರೊಟ್ಟಿಯಿಂದ ಒರಸಿ ತಿನ್ನುವುದು. ಮೂರನೆಯದು ನಾನು ಮಾರ್ಸೇಯ ಬೀದಿಯಲ್ಲಿ ದಿನವೂ ಕಂಡದ್ದು: ಉದ್ದನೆಯ ಫ್ರೆಂಚ್ ಬ್ರೆಡ್ಡನ್ನು ಸೀಳಿ, ಎರಡು ಮೆರ್ಗೆಜ್ ಇಟ್ಟು, ಕರಿದ ಆಲೂಗಡ್ಡೆಯ ಕಡ್ಡಿಗಳನ್ನು ತುಂಬಿ, ಹರೀಸಾ ಹಚ್ಚಿ ಕೈಗೆ ಕೊಡುವುದು.

ಹಿರಿಯರು : ಹಾಗಿದ್ದ ಮೇಲೆ ಅದಕ್ಕೆ ಮನೆಯಿದೆ, ಬಂಧುಗಳಿದ್ದಾರೆ, ಕೂಡುವ ಪಂಕ್ತಿಯಿದೆ. ನೀನು ಬುಟ್ಟಿಯಲ್ಲಿ ಜೋಳದ ರೊಟ್ಟಿಯನ್ನೂ ಡಬ್ಬಿಯಲ್ಲಿ ರಂಜಕವನ್ನೂ ತಂದದ್ದನ್ನು ನೋಡಿದೆ. ವಾಕ್ಯದಿಂದ ಒಂದು ಪದವನ್ನು ಕಿತ್ತು ಇನ್ನೊಂದು ವಾಕ್ಯದಲ್ಲಿ ನೆಟ್ಟರೆ ಪದ ಉಳಿದೀತು, ಅನ್ವಯ ಉಳಿಯುವುದಿಲ್ಲ. ಅಡಿಗೆಯೂ ಹಾಗೆಯೇ ಎಂದು ನನ್ನ ತಿಳಿವಳಿಕೆ. ಪುಂಡಿಪಲ್ಯವನ್ನು ಯಾವನೋ ಪರದೇಶಿಯು ಬ್ರೆಡ್ಡಿಗೆ ಹಚ್ಚಿ ತಿಂದು, ಇದೇ ಕರ್ನಾಟಕದ ಊಟವೆಂದರೆ ನೀನು ಒಪ್ಪುವೆಯಾ?

ತರುಣ : ಇದೇ ಕರ್ನಾಟಕದ ಊಟವೆಂದರೆ ಒಪ್ಪೆನು, ನನಗೆ ಹೀಗೆ ರುಚಿಸಿತು ಎಂದರೆ ಸಂತೋಷಪಟ್ಟೇನು. ಮೆರ್ಗೆಜ್ ತನ್ನ ಮನೆಯಲ್ಲಿ ಕದಲದೆ ಕುಳಿತ ಪದಾರ್ಥವೇನೂ ಅಲ್ಲ. ಕರ್ತೃವಿನ ಹೆಸರಿಲ್ಲದ 13ನೆಯ ಶತಮಾನದ ಆಂಡಲೂಸಿಯದ ಪಾಕಗ್ರಂಥವೊಂದರಲ್ಲಿ ಮಿರ್ಕಾಸ್ ಎಂಬ ಹೆಸರಿನಿಂದಲೇ ಇದು ಬರುತ್ತದೆ. ಆಂಡಲೂಸಿಯವೆಂದರೆ ಆಗ ಮುಸಲ್ಮಾನರು ಆಳುತ್ತಿದ್ದ ಸ್ಪೇನು. ಸಮುದ್ರದ ಆಚೆಯ ದಡದಲ್ಲಿಯೂ ಈಚೆಯ ದಡದಲ್ಲಿಯೂ ಆಗಲೇ ಅದು ಬಳಕೆಯಲ್ಲಿತ್ತು. ಮುಂದೆ 1962ರಲ್ಲಿ ಅಲ್ಜೀರಿಯ ಸ್ವತಂತ್ರವಾದ ಕಾಲಕ್ಕೆ ಅಲ್ಲಿಂದ ಫ್ರಾನ್ಸಿಗೆ ದಾಟಿದವರ ಸಂಗಡ, ಕೂಲಿಗೆ ಹೋದವರ ಸಂಗಡ, ಅದು ಮಾರ್ಸೇಗೆ, ಪ್ಯಾರಿಸ್ಸಿಗೆ ಹೋಯಿತು. ಅಲ್ಲಿ ಕುಸ್ಕುಸ್ಸನ್ನು ಬಿಟ್ಟು ಬ್ರೆಡ್ಡನ್ನು ಹಿಡಿಯಿತು. ಅವರ ಬ್ರೆಡ್ಡನ್ನು ಹಿಡಿದದ್ದು ನಮ್ಮ ರೊಟ್ಟಿಯನ್ನು ಹಿಡಿಯಲಾರದೆ?

ಹಿರಿಯರು : ಹೋದವರು ತಮ್ಮ ಜೀವನದ ಅಗತ್ಯದಿಂದ ಬದಲಿಸಿಕೊಂಡರು, ಅದಕ್ಕೆ ಒಂದು ಗಾಂಭೀರ್ಯವಿದೆ. ನಾವು ಒಂದು ಸಂಜೆಯ ಕುತೂಹಲಕ್ಕಾಗಿ ಬದಲಿಸುವುದು ಬೇರೆ. ಅದಿರಲಿ, ರುಚಿಯ ಮಾತನ್ನೇ ತೆಗೆದುಕೊಳ್ಳೋಣ. ನಿನ್ನ ಪದಾರ್ಥವೇ ಖಾರ. ಅದರ ಪಕ್ಕಕ್ಕೆ ರಂಜಕವನ್ನಿಟ್ಟರೆ ಬೆಂಕಿಗೆ ಬೆಂಕಿಯನ್ನು ನೆಂಟನ ಮಾಡಿದಂತಾಯಿತು. ಖಾರದ ಪದಾರ್ಥಕ್ಕೆ ಬೇಕಾದದ್ದು ಮೂರು: ಅದರ ಎಣ್ಣೆಯನ್ನೂ ರಸವನ್ನೂ ಕುಡಿಯುವ ಧಾನ್ಯ, ನಾಲಗೆಯನ್ನು ತೊಳೆಯುವ ಹುಳಿ, ಉರಿಯನ್ನು ಇಳಿಸುವ ತಂಪು. ನಮ್ಮ ಹೆಣ್ಣುಮಕ್ಕಳು ಖಾರ ಹಿಂಡಿಗೆ ಕೆನೆಮೊಸರನ್ನೂ ಹಸಿ ಉಳ್ಳಾಗಡ್ಡಿಯನ್ನೂ ಇಡುವುದು ಈ ತತ್ತ್ವವನ್ನು ಅರಿತೇ.

ತರುಣ : ಆ ಮೂರನ್ನೂ ತಂದಿದ್ದೇನೆ. ರೊಟ್ಟಿ ಧಾನ್ಯವಾಯಿತು. ಕೆನೆಮೊಸರು ಗಡಿಗೆಯಲ್ಲಿದೆ, ಅದಕ್ಕೆ ಪುದೀನವನ್ನೂ ಚಿಟಿಕೆ ಉಪ್ಪನ್ನೂ ಹಾಕಿ ಕಡೆದರೆ ಸಾಕು. ಹುಳಿಗೆ ಇಂಡಿ ಊರಿನ ಲಿಂಬೆಯಿದೆ. ಹಸಿಯದಕ್ಕೆ ಮೂಲಂಗಿ, ಸೌತೆ, ಎಳೆಯ ಮೆಂತ್ಯೆ, ಹೊಲದ ಅಂಚಿನಲ್ಲಿ ಆಯ್ದ ಹಕ್ಕರಕಿ, ಇವನ್ನು ಕೊಚ್ಚಿ ಪಚಡಿ ಮಾಡುತ್ತೇನೆ. ಮೊರಾಕೊದವರು ಲಿಂಬೆಯನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಊರಹಾಕಿ, ತಿರುಳನ್ನು ತೆಗೆದು ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಮಾಂಸದ ಜೊತೆಗಿಡುತ್ತಾರೆ. ನಮ್ಮ ಮನೆಗಳಲ್ಲಿ ಜ್ವರ ಬಂದವರಿಗೆ ಕೊಡುವ, ಖಾರ ಹಾಕದ ಉಪ್ಪುಲಿಂಬೆ ಅದಕ್ಕೆ ತಮ್ಮನಾಗಬೇಕು.

ಹಿರಿಯರು : ಪಟ್ಟಿ ಚೆನ್ನಾಗಿದೆ, ಧಾನ್ಯದಲ್ಲಿ ಮಾತ್ರ ನೀನು ತಪ್ಪಿದ್ದೀ. ಜೋಳದ ರೊಟ್ಟಿ ಸ್ವಭಾವದಿಂದ ಒಣಗಿದ್ದು; ಅದಕ್ಕೆ ಎಣ್ಣೆಗಾಯಿಯೋ ಝುಣಕವೋ ಮಡಿಕೆಕಾಳಿನ ಪಲ್ಯವೋ ಒದಗಬೇಕು. ಸುಟ್ಟ ಮಾಂಸದ ಕಡ್ಡಿಯೂ ಒಣಗಿದ್ದು. ಎರಡು ಒಣಗಿದ್ದು ಕೂಡಿದರೆ ನೀರಿನ ತಂಬಿಗೆಯೇ ಪಲ್ಯವಾಗಬೇಕಾದೀತು. ಕುಸ್ಕುಸ್ಸಿನವರು ಬುದ್ಧಿವಂತರು: ಕಾಳು ಸಾರನ್ನು ಕುಡಿಯುತ್ತದೆ, ಸಾರು ಕುಡಿದ ಕಾಳು ಒಣಮಾಂಸವನ್ನು ಗಂಟಲಿನಲ್ಲಿ ಮೃದುವಾಗಿ ಇಳಿಸುತ್ತದೆ. ನೀನು ನಮ್ಮ ನೆಲದ್ದನ್ನೇ ಬಡಿಸಬೇಕೆಂದು ಹಟ ಹಿಡಿದರೆ ರೊಟ್ಟಿಯನ್ನು ಬಿಟ್ಟು ಜೋಳದ ನುಚ್ಚನ್ನು ಹಿಡಿ. ನುಚ್ಚನ್ನು ತೊಳೆದು, ತುಸು ಉದುರಾಗಿ ಬೇಯಿಸಿ, ಮೇಲೆ ಕುಸುಬಿಯ ಎಣ್ಣೆ ಬಿಟ್ಟು, ಹೆಸರುಕಾಳು, ಗಜ್ಜರಿ, ಬದನೆಯ ತೆಳುಸಾರು ಸುರಿದು, ಅದರ ಮೇಲೆ ನಿನ್ನ ಕೆಂಪು ಸರವನ್ನಿಡು. ಇಲ್ಲವೇ ಖಪಲಿ ಗೋಧಿಯನ್ನು ಕುಟ್ಟಿ, ಹುಗ್ಗಿಗೆ ಬೇಯಿಸುವಂತೆ ಬೇಯಿಸು. ಬೆಲ್ಲವನ್ನು ಮಾತ್ರ ಹಾಕಬೇಡ.

ತರುಣ : ಬದಲಿಸಬಾರದೆಂದವರು ನನಗಿಂತ ಹೆಚ್ಚಾಗಿ ಬದಲಿಸುತ್ತಿದ್ದೀರಿ! ನೀವು ಖಪಲಿಯ ಹೆಸರೆತ್ತಿದ್ದು ಮಾತ್ರ ದೊಡ್ಡ ಮಾತಾಯಿತು. ಕುಸ್ಕುಸ್ಸಿಗೆ ಬೇಕಾದ ಗಟ್ಟಿ ಗೋಧಿ ಹುಟ್ಟಿದ್ದೇ ಖಪಲಿಯ ಜಾತಿಯ ಹಳೆಯ ಗೋಧಿಯಿಂದ. ಅವರ ತೂತಿನ ಪಾತ್ರೆಯಲ್ಲಿ ಮಗಳು ಬೇಯುತ್ತಿದ್ದರೆ ನಮ್ಮ ಹುಗ್ಗಿಯ ಗಡಿಗೆಯಲ್ಲಿ ತಾಯಿ ಬೇಯುತ್ತಿದ್ದಾಳೆ. ಮದುವೆಯ ಮುಂಚೆ ನಮ್ಮ ಹೆಣ್ಣುಮಕ್ಕಳು ಒಂದೆಡೆ ಕೂಡಿ ಶಾವಿಗೆ ಹೊಸೆಯುವಂತೆ, ಬೆರಳ ತುದಿಯಲ್ಲಿ ಗವಲಿ ತಿರುವುವಂತೆ, ಅಲ್ಲಿಯೂ ಹೆಂಗಸರು ಕೂಡಿ ಹಾಡುತ್ತ ಕುಸ್ಕುಸ್ ತಿಕ್ಕುತ್ತಾರೆ. ಆ ಅರಿವನ್ನು ಅಲ್ಜೀರಿಯ, ಮಾರಿಟೇನಿಯ, ಮೊರಾಕೊ, ಟ್ಯುನೀಸಿಯ ನಾಲ್ಕೂ ಕೂಡಿ ಹೇಳಿಕೊಂಡದ್ದರಿಂದ 2020ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಡಿಯ ವಿಷಯದಲ್ಲಿ ಕಲಹವಿರುವ ದೇಶಗಳು ಒಂದು ಬಟ್ಟಲ ವಿಷಯದಲ್ಲಿ ಕೂಡಿ ಸಹಿ ಹಾಕಿದವು.

ಹಿರಿಯರು : ಇದು ಕೇಳಿ ಸಂತೋಷವಾಗುವ ಸಂಗತಿ. ನಮ್ಮಲ್ಲಿ ಗವಲಿ ತಿರುವುವ ಬೆರಳುಗಳು ಕಡಿಮೆಯಾಗುತ್ತಿರುವಾಗ ಅದನ್ನು ನೆನೆದರೆ ನೋವೂ ಆಗುತ್ತದೆ. ಒಂದನ್ನು ಮಾತ್ರ ತಿದ್ದುತ್ತೇನೆ. ಸಾಮ್ಯವನ್ನು ತೋರಿಸುವುದು ಒಂದು, ಒಂದೇ ಎನ್ನುವುದು ಇನ್ನೊಂದು. ಈ ರಂಜಕವೇ ಹರೀಸಾ ಎಂದು ಮುಂಜಾನೆ ನೀನು ಮಕ್ಕಳಿಗೆ ಹೇಳುತ್ತಿದ್ದೆ. ಅದನ್ನು ಒಪ್ಪಲಾರೆ.

ತರುಣ : ಹತ್ತಿರದ್ದೆಂದಾದರೂ ಒಪ್ಪಿರಿ. ಅವರು ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸಿ, ನೆನೆಸಿ, ಬೆಳ್ಳುಳ್ಳಿ, ಕೊತ್ತಂಬರಿಬೀಜ, ಶಹಾಜೀರಿಗೆಯಂಥ ಕಾಳು, ಉಪ್ಪು ಹಾಕಿ ಅರೆದು, ಮೇಲೆ ಆಲಿವ್ ಎಣ್ಣೆ ನಿಲ್ಲಿಸಿ ಇಡುತ್ತಾರೆ. ನಾವು ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಹಸಿಯಾಗಿಯೇ ಬೆಳ್ಳುಳ್ಳಿ, ಜೀರಿಗೆ, ಮೆಂತ್ಯೆ, ಉಪ್ಪಿನೊಡನೆ ಕುಟ್ಟಿ, ಲಿಂಬೆಯ ಹುಳಿ ಹಿಂಡಿ, ವರುಷಕ್ಕಾಗುವಷ್ಟು ಭರಣಿಯಲ್ಲಿ ತುಂಬುತ್ತೇವೆ. ಟ್ಯುನೀಸಿಯದ ಹರೀಸಾ 2022ರಲ್ಲಿ ಯುನೆಸ್ಕೊದ ಪಟ್ಟಿಗೆ ಬಂತು. ನಮ್ಮ ರಂಜಕ ಇನ್ನೂ ಅಟ್ಟದ ಮೇಲಿನ ಭರಣಿಯಲ್ಲಿಯೇ ಇದೆ. ನಾನು ಈ ಮೆರ್ಗೆಜ್ಜಿಗೆ ಬಣ್ಣ ಬರಲೆಂದು ಬ್ಯಾಡಗಿಯ ಮೆಣಸಿನಕಾಯಿಯನ್ನೇ ಹಾಕಿದ್ದೇನೆ. ಅದರಲ್ಲಿ ಕೆಂಪು ಹೆಚ್ಚು, ಉರಿ ಕಡಿಮೆ, 2011ರಿಂದ ಅದಕ್ಕೂ ಊರಿನ ಹೆಸರಿನ ಮುದ್ರೆಯಿದೆ. ಉರಿಗಾಗಿ ಬೇರೆ ಮೆಣಸಿನಕಾಯಿ ಸ್ವಲ್ಪ ಬೆರೆಸಿದೆ.

ಹಿರಿಯರು : ನೋಡು, ನಿನ್ನ ಮಾತಿನಲ್ಲಿಯೇ ಭೇದ ಇದೆ. ಒಂದು ಒಣಗಿಸಿದ್ದು, ಒಂದು ಹಸಿಯದು; ಒಂದಕ್ಕೆ ಎಣ್ಣೆಯ ಕಾವಲು, ಒಂದಕ್ಕೆ ಹುಳಿಯ ಕಾವಲು; ಒಂದರ ಕಂಪು ಶಹಾಜೀರಿಗೆಯದು, ಇನ್ನೊಂದರ ಕಹಿಯಂಚು ಮೆಂತ್ಯೆಯದು. ಅವಳಿಜವಳಿ ಮಕ್ಕಳನ್ನು ಹೆತ್ತ ತಾಯಿಯು ಗುರುತಿಸುವಷ್ಟು ಭೇದವನ್ನು ಉಣ್ಣುವವನು ಗುರುತಿಸದೆ ಹೋದರೆ, ಇಬ್ಬರಲ್ಲಿ ಒಬ್ಬರು ಮರೆವೆಗೆ ಸಲ್ಲುತ್ತಾರೆ. ಹಾಗೆ ಮರೆವೆಗೆ ಸಲ್ಲುವವರು ಸಾಮಾನ್ಯವಾಗಿ ಬಡವರ ಮನೆಯವರೇ ಆಗಿರುತ್ತಾರೆ.

ತರುಣ : ಈ ಮಾತಿಗೆ ತಲೆಬಾಗುತ್ತೇನೆ. ಆದರೆ ರೊಟ್ಟಿಯನ್ನು ನಾನು ಬಿಡಲಾರೆ. ಏಕೆಂದರೆ ಈ ರೊಟ್ಟಿಯ ಹಕ್ಕು ನೀವು ತಿಳಿದದ್ದಕ್ಕಿಂತ ಹಳೆಯದು. ಜೋಳ ನಮ್ಮದೆಂದು ನಾವು ಎದೆತಟ್ಟಿ ಹೇಳುತ್ತೇವಲ್ಲ, ಅದನ್ನು ಮೊದಲು ಒಕ್ಕಲುತನಕ್ಕೆ ತಂದವರು ಆಫ್ರಿಕದವರು. ಸುಡಾನಿನ ಕಡೆಯ ಹುಲ್ಲುಗಾವಲುಗಳಲ್ಲಿ ಅದರ ಹುಟ್ಟು. ಸಜ್ಜೆಯೂ ಆ ಖಂಡದ್ದೇ. ಸಾವಿರಾರು ವರುಷಗಳ ಹಿಂದೆ ಅವು ನಮ್ಮ ದೇಶಕ್ಕೆ ಬಂದವು. ಆಫ್ರಿಕದಲ್ಲಿ ಇಂದಿಗೂ ಸಜ್ಜೆಯಿಂದಲೂ ಜೋಳದಿಂದಲೂ ಕುಸ್ಕುಸ್ ಮಾಡುವ ಜನರಿದ್ದಾರೆ. ಆಫ್ರಿಕದ ಅತಿಥಿಗೆ ಆಫ್ರಿಕದಿಂದ ಬಂದ ಧಾನ್ಯವನ್ನು ಬಡಿಸಿದರೆ ಅದು ತವರಿನ ಮಾತಾಗುತ್ತದಲ್ಲವೆ?

ಹಿರಿಯರು : ಮನಸ್ಸಿಗೆ ಹಿಡಿಸುವ ವಾದ, ಹಿಡಿಸುವ ವಾದವನ್ನೇ ಎರಡು ಸಲ ತೂಗಿ ನೋಡಬೇಕು. ಜೋಳದ ತವರು ಸಹಾರಾ ಮರುಭೂಮಿಯ ದಕ್ಷಿಣಕ್ಕೆ. ನಿನ್ನ ಮೆರ್ಗೆಜ್ಜಿನ ತವರು ಅದರ ಉತ್ತರಕ್ಕೆ. ನಡುವೆ ಅಷ್ಟು ದೊಡ್ಡ ಮರಳುಗಾಡು ಬಿದ್ದಿದೆ. ಇನ್ನೊಂದು ಮಾತು: ಜೋಳ ನಮ್ಮದಾದದ್ದು ಬಂದಿತೆಂಬ ಕಾರಣದಿಂದಲ್ಲ. ಈ ಎರೆಮಣ್ಣು ಅದನ್ನು ಒಪ್ಪಿತು; ಹಿಂಗಾರಿ ಮಳೆಯ ತೇವವನ್ನೇ ಹಿಡಿದು, ಚಳಿಯ ಇಬ್ಬನಿಯಲ್ಲಿ ಬೆಳೆದು ನಿಲ್ಲುವ ತಳಿಗಳನ್ನು ನೂರಾರು ತಲೆಮಾರಿನ ಒಕ್ಕಲಿಗರು ಆಯ್ದು ಆಯ್ದು ಬಿತ್ತಿದರು; ಅದರ ದಂಟು ಎತ್ತಿಗೆ ಕಣಿಕೆಯಾಯಿತು, ಅದರ ಕಾಳು ಆಯಕ್ಕೂ ದಾನಕ್ಕೂ ಅಳತೆಯಾಯಿತು. ಅಷ್ಟು ಬೆವರನ್ನು ಕುಡಿದ ಮೇಲೆ ಅದು ಅತಿಥಿಯಲ್ಲ, ಮನೆಯ ಯಜಮಾನ. ಒಂದೇ ಸಂಜೆಯಲ್ಲಿ ಬುಟ್ಟಿಯಿಂದಿಳಿದ ಪದಾರ್ಥವನ್ನು ಅದರ ಸರಿಸಮಕ್ಕೆ ಕೂಡಿಸಬೇಡ.

ತರುಣ : ಸರಿಸಮಕ್ಕೆ ಕೂಡಿಸುವುದಿಲ್ಲ. ಆದರೆ ಜೋಳಕ್ಕೂ ಒಂದು ಮೊದಲನೆಯ ಸಂಜೆ ಇದ್ದೇ ಇರಬೇಕಲ್ಲವೆ? ಯಾರೋ ಒಬ್ಬಳು ಹೆಣ್ಣುಮಗಳು ಕಡಲದಾರಿಯಲ್ಲಿ ಬಂದ ಆ ಅಪರಿಚಿತ ಕಾಳನ್ನು ಮೊದಲ ಸಲ ಬೀಸಿ, ಬಿಸಿನೀರು ಹಾಕಿ ನಾದಿ, ಹಂಚಿನ ಮೇಲೆ ಹಾಕಿದ ಸಂಜೆ. ಆಗಲೂ ಒಬ್ಬರು ಹಿರಿಯರು ಪಕ್ಕದಲ್ಲಿ ಕುಳಿತು, ಇದು ನಮ್ಮ ನೆಲದ್ದಲ್ಲವೆಂದು ಹೇಳಿರಬಹುದು. ಆಕೆ ಆ ಮಾತನ್ನು ಗೌರವದಿಂದ ಕೇಳಿ, ರೊಟ್ಟಿಯನ್ನು ತಿರುವಿ ಹಾಕಿರಬಹುದು.

ಇಲ್ಲಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸುಟ್ಟ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರುಗಾಳನ್ನು ತರುಣನ ಕೈಗೆ ಸುರಿದರು. ಆಮೇಲೆ ಮಾತು ಮತ್ತೆ ಮುಂದುವರಿಯಿತು.

ಹಿರಿಯರು : ನೀನು ಹೇಳಿದ ಆ ಸಂಜೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಅಂಥ ನೂರು ಸಂಜೆಗಳಲ್ಲಿ ತೊಂಬತ್ತೊಂಬತ್ತು ಹಾಗೆಯೇ ಕಳೆದುಹೋದವೆಂಬುದನ್ನೂ ನೆನೆ.

ತರುಣ : ಒಂದು ಕಳೆದುಹೋದ ಸಂಜೆಯನ್ನು ನಾನೂ ನೆನೆದಿದ್ದೇನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ಅನ್ನಭೋಗದ ಭಾಗದಲ್ಲಿ, ಕರುಳಿನೊಳಗೆ ಮಜ್ಜೆಯನ್ನೂ ಸಂಬಾರವನ್ನೂ ತುಂಬಿ ಕೆಂಡದ ಮೇಲೆ ಸುಡುವ ಮಂಡಲೀಯವೆಂಬ ಭಕ್ಷ್ಯದ ವಿಧಾನವಿದೆ. ಕಲ್ಯಾಣದವರ ಆಳ್ವಿಕೆಗೆ ಈ ಕೃಷ್ಣಾತೀರವೂ ಸೇರಿತ್ತು. ಅಂದ ಮೇಲೆ ಇಂದು ನಾನು ತಂದದ್ದು ಹೊರಗಿನದೆಂದು ಹೇಗೆ ಹೇಳುವುದು? ಸುಮಾರು ಒಂಬತ್ತು ನೂರು ವರುಷಗಳ ಮೇಲೆ ಮನೆಗೆ ಮರಳಿದ್ದೆಂದು ಹೇಳಬಾರದೆ?

ಹಿರಿಯರು : ಬಾರದು. ಮಾನಸೋಲ್ಲಾಸವನ್ನು ನಾನು ಗೌರವದಿಂದ ಓದಿದವನೇ. ಅದು ಅರಸನ ಅಡಿಗೆಮನೆಯ ದಾಖಲೆ. ಅದೇ ಚಾಲುಕ್ಯರ ನೆರಳಿನಲ್ಲಿ, 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ಲೋಕೋಪಕಾರವನ್ನು ಬರೆದನು. ಅಲ್ಲಿಯೂ ಪಾಕದ ಮಾತಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದಾಗ ಅದರಲ್ಲಿ ಮಾಂಸದ ಸೊಲ್ಲೇ ಇಲ್ಲ. ಕನ್ನಡನಾಡಿನ ಅಡಿಗೆ ಒಂದು ಹೊಳೆಯಲ್ಲ, ಹಲವು ಹಳ್ಳಗಳು. ಮಂಡಲೀಯಕ್ಕೂ ನಿನ್ನ ಮೆರ್ಗೆಜ್ಜಿಗೂ ನಡುವೆ ಕೈಯಿಂದ ಕೈಗೆ ಬಂದ ದಾರಿಯನ್ನು ತೋರಿಸಬಲ್ಲೆಯಾ? ತೋರಿಸಲಾರದೆ ಬಂಧುತ್ವವನ್ನು ಸಾರಿದರೆ, ಆಫ್ರಿಕದ ಹೆಂಗಸಿನ ಶ್ರಮವನ್ನು ನಮ್ಮ ಅರಸನ ಲೆಕ್ಕಕ್ಕೆ ಬರೆದಂತಾಗುತ್ತದೆ. ಕುರಿ ಕೊಯ್ದ ಯಾವ ನಾಡಿನಲ್ಲಿಯೂ ಕರುಳನ್ನು ಬಿಸಾಡದೆ ತುಂಬುವ ಯೋಚನೆ ಹುಟ್ಟೀತು; ನನ್ನ ತಾತನೂ ಕುರಿಯ ಯಾವ ಅಂಗವನ್ನೂ ಹಾಳುಮಾಡಿದವನಲ್ಲ. ಎರಡೂ ಕಡೆ ಬಡತನವೂ ಮಿತವ್ಯಯವೂ ಒಂದೇ ಪಾಠವನ್ನು ಕಲಿಸಿದವು. ಅಷ್ಟು ಹೇಳು, ಸಾಕು.

ತರುಣ : ಹೌದು, ಅದೇ ಸತ್ಯಕ್ಕೆ ಹತ್ತಿರ. ನಾನು ಆ ಹಳೆಯ ಹೆಸರನ್ನು ಎಳೆದು ತಂದದ್ದು ನಿಮ್ಮನ್ನು ಒಪ್ಪಿಸುವ ಆತುರದಿಂದ. ಆದರೆ ಮಾನಸೋಲ್ಲಾಸದಿಂದಲೂ ಆಂಡಲೂಸಿಯದ ಆ ಪಾಕಗ್ರಂಥದಿಂದಲೂ ಇನ್ನೊಂದು ಸಂಗತಿ ಹೊರಡುತ್ತದೆ, ಅದನ್ನು ನೀವು ತಳ್ಳಿಹಾಕಲಾರಿರಿ. ಸೋಮೇಶ್ವರನ ಮಂಡಲೀಯದಲ್ಲಿಯೂ ಮೆಣಸಿನಕಾಯಿಯಿಲ್ಲ, ಆಂಡಲೂಸಿಯದ ಮಿರ್ಕಾಸಿನಲ್ಲಿಯೂ ಇಲ್ಲ; ಇರಲು ಸಾಧ್ಯವೂ ಇರಲಿಲ್ಲ. ಆಗ ಖಾರವೆಂದರೆ ಕರಿಮೆಣಸು, ಶುಂಠಿ. 1492ರಲ್ಲಿ ಕೊಲಂಬಸ್ಸನು ಅಮೆರಿಕ ಮುಟ್ಟಿದ ಮೇಲೆಯೇ ಮೆಣಸಿನಕಾಯಿ ಹಡಗೇರಿತು. ಸ್ಪೇನಿನವರ ದಾರಿಯಿಂದ ಅದು ಆಫ್ರಿಕದ ಉತ್ತರ ತೀರಕ್ಕೆ ಹೋಯಿತು; 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ದಾರಿಯಿಂದ ನಮ್ಮ ಕಡೆಗೆ ಬಂತು. ನಿಮ್ಮ ತಟ್ಟೆಯ ಶೇಂಗಾ ಹಿಂಡಿಯ ಶೇಂಗಾವೂ ಅಮೆರಿಕದ್ದೇ, ಟೊಮೇಟೊವೂ ಅಲ್ಲಿಯದೇ. ಹರೀಸಾ, ರಂಜಕ ಎರಡೂ ಒಂದೇ ಹಡಗಿನ ಕಾಲದ ಮಕ್ಕಳು. ಅವು ಈ ಹೊಲದಲ್ಲಿ ಮುಖಾಮುಖಿಯಾಗುವುದನ್ನು ತಡೆಯುವುದೇಕೆ?

ಹಿರಿಯರು : ತಡೆಯುವುದಿಲ್ಲ, ಮುಖಾಮುಖಿಯಾಗಲಿ, ಒಂದರೊಳಗೊಂದು ಕರಗದಿರಲಿ. ಟ್ಯುನೀಸಿಯದವರು ಹರೀಸಾವನ್ನು ಎಲ್ಲರ ಕಾಳಿನ ಮೇಲೂ ಸುರಿಯುತ್ತಾರೆಯೋ, ಬೇರೆ ಇಡುತ್ತಾರೆಯೋ?

ತರುಣ : ಕುಸ್ಕುಸ್ಸಿನ ಸಂಗಡವಾದರೆ ಬೇರೆ ಬಟ್ಟಲಲ್ಲಿ ಇಡುವುದೂ ಉಂಟು, ಬಿಸಿಸಾರಿನ ಒಂದು ಸೌಟಿನಲ್ಲಿ ಅದನ್ನು ಕದಡಿ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತಾರೆ.

ಹಿರಿಯರು : ಹಾಗೆಯೇ ಮಾಡು. ರಂಜಕವನ್ನು ಚಿಕ್ಕ ಬಟ್ಟಲಲ್ಲಿ ಬೇರೆ ಇಡು. ಇನ್ನೊಂದು ತೊಡಕು ಉಳಿಯಿತು, ಅದು ನಾಲಗೆಯದಲ್ಲ. ಇದೇ ಹೊಲದಲ್ಲಿ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭರ್ತ, ಪುಂಡಿಪಲ್ಯ ಹಂಚಿಕೊಂಡು ಉಂಡಿದ್ದೇವೆ. ಇಂದು ಬಂದವರಲ್ಲಿ ಮಾಂಸ ಮುಟ್ಟದವರಿದ್ದಾರೆ. ಅವರು ನಮ್ಮ ನೆರೆಯವರು. ನಮ್ಮ ಮನೆಯಲ್ಲಿ ಬಾಡು ಬೇಯುವುದೂ ಹಬ್ಬಕ್ಕೋ ಜಾತ್ರೆಗೋ ನೆಂಟರು ಬಂದಾಗಲೋ. ಸಿಕ್ಕಿತೆಂದು ದಿನವೂ ಬಡಿಸುವ ಪದಾರ್ಥ ತನ್ನ ಘನತೆಯನ್ನು ಕಳೆದುಕೊಳ್ಳುತ್ತದೆ.

ತರುಣ : ಅದಕ್ಕಾಗಿ ಎರಡು ಕೆಂಡದ ಗುಂಡಿ ತೋಡಿಸಿದ್ದೇನೆ, ಸೀತನಿಯ ಕೆಂಡಕ್ಕೆ ಮಾಂಸ ತಾಕುವುದಿಲ್ಲ. ಆ ಕೆಂಡದಲ್ಲಿಯೇ ದೊಡ್ಡ ಬದನೆಕಾಯಿಗಳನ್ನು ಸುಡೋಣ. ಮೊರಾಕೊದವರು ಬದನೆಯನ್ನೂ ಟೊಮೇಟೊವನ್ನೂ ಬೆಳ್ಳುಳ್ಳಿ, ಜೀರಿಗೆಯೊಡನೆ ಬೇಯಿಸಿ ಹಿಸುಕಿ ಝಾಲೂಕ್ ಎಂದು ಕರೆಯುತ್ತಾರೆ. ನಮ್ಮ ಬದನೆಯ ಭರ್ತ ಅದರ ಓಣಿಯದ್ದೇ. ಮೆರ್ಗೆಜ್ಜಿಗೆ ಹಾಕಿದ ಇದೇ ಸಂಬಾರವನ್ನು ಎಳೆಯ ಬದನೆಗೆ ತುಂಬಿ ಸುಟ್ಟರೆ, ಮಾಂಸ ಮುಟ್ಟದವರ ಎಡೆಯೂ ಬರಿದಾಗುವುದಿಲ್ಲ. ಮಾಂಸವನ್ನು ಗುಡ್ಡೆ ಹಾಕುವುದು ಅದರ ತವರಿನ ಪದ್ಧತಿಯೂ ಅಲ್ಲ. ಅಲ್ಲಿಯೂ ಬಟ್ಟಲ ತುಂಬ ಕಾಳು, ಕಾಳಿನ ಮೇಲೆ ತರಕಾರಿ, ತರಕಾರಿಯ ಮೇಲೆ ಒಂದೋ ಎರಡೋ ಮೆರ್ಗೆಜ್.

ಹಿರಿಯರು : ಹಾಗಾದರೆ ಸಿಹಿಯ ಒಂದು ಅಂಶವನ್ನೂ ಸೇರಿಸು. ಖಾರಕ್ಕೆ ಹುಳಿ ತಂಗಿಯಾದರೆ ಸಿಹಿ ಅಕ್ಕ.

ತರುಣ : ಅದಕ್ಕೂ ಅವರಲ್ಲಿ ದಾರಿಯಿದೆ. ತ್ಫಾಯಾ ಎಂದು ಮೊರಾಕೊದ ಪಾಕ: ಉಳ್ಳಾಗಡ್ಡಿಯನ್ನು ಸಣ್ಣ ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ, ಒಣದ್ರಾಕ್ಷಿ, ಜೇನು, ದಾಲ್ಚಿನ್ನಿ ಹಾಕಿ ಕುಸ್ಕುಸ್ಸಿನ ಮೇಲೆ ಹರಡುತ್ತಾರೆ. ನಮಗೆ ವಿಜಯಪುರದ ಒಣದ್ರಾಕ್ಷಿ ದೂರವಿಲ್ಲ, ಮಹಾಲಿಂಗಪುರದ ಬೆಲ್ಲ ಇನ್ನೂ ಹತ್ತಿರ. ಜೇನಿನ ಬದಲು ಚೂರು ಬೆಲ್ಲ ಹಾಕಿದರೆ, ಖಾರದ ಒಂದು ತುತ್ತು, ಇದರ ಒಂದು ತುತ್ತು, ಸರದಿಯಂತೆ ಇಳಿಯುತ್ತವೆ.

ಹಿರಿಯರು : ಈಗ ಸುಡುವ ರೀತಿ ಹೇಳು, ಕತ್ತಲಾಗುತ್ತಿದೆ.

ತರುಣ : ಜ್ವಾಲೆ ಇಳಿದು ಕೆಂಡದ ಮೇಲೆ ಬೂದಿಯ ತೆಳುಪದರ ಬಂದಾಗ ಇಡಬೇಕು. ಮುಳ್ಳಿನಿಂದಲೂ ಚಾಕುವಿನಿಂದಲೂ ಚುಚ್ಚಬಾರದು. ಚುಚ್ಚಿದರೆ ಕೊಬ್ಬು ಕೆಂಡಕ್ಕೆ ಸುರಿದು ಹೊಗೆ ಎದ್ದು, ಒಳಗೆ ಒಣಗಿ, ಹೊರಗೆ ಕಮರುತ್ತದೆ. ಮೆಲ್ಲಗೆ ಹೊರಳಿಸುತ್ತ ಬಂದರೆ ಹತ್ತು ಹನ್ನೆರಡು ನಿಮಿಷ ಹಿಡಿದೀತು. ಕೊಚ್ಚಿದ ಮಾಂಸವಾದ್ದರಿಂದ ನಡುವೆ ಹಸಿಗೆಂಪು ಉಳಿಯಲೇಬಾರದು. ಒಳಗಿನ ಬಿಸಿ 71 ಡಿಗ್ರಿ ಮುಟ್ಟಬೇಕು.

ಮೊದಲ ಸರ ಕೆಂಡದ ಮೇಲಿನಿಂದ ಇಳಿಯುವ ಹೊತ್ತಿಗೆ ಹಿರಿಯರು ಹೇಳಿ ಮಾಡಿಸಿದ ನುಚ್ಚು ಒಂದು ಪರಾತದಲ್ಲಿ ಹಬೆಯಾಡುತ್ತಿತ್ತು. ತರುಣನು ತಂದ ಜೋಳದ ರೊಟ್ಟಿಗಳು ಬುಟ್ಟಿಯಲ್ಲಿದ್ದವು. ಅವನು ಎರಡನ್ನೂ ಬಡಿಸಿದನು. ಹಿರಿಯರು ನುಚ್ಚಿನ ಮೇಲೆ ಸಾರು ಬಿಟ್ಟುಕೊಂಡು, ಮೆರ್ಗೆಜ್ಜನ್ನು ಮುರಿದು ಕಲಸಿ, ಉಪ್ಪುಲಿಂಬೆಯ ಸಿಪ್ಪೆಯನ್ನು ನಂಚಿಕೊಂಡು ಉಂಡರು. ತರುಣನು ಬಿಸಿ ಮೆತ್ತನೆಯ ರೊಟ್ಟಿಯಲ್ಲಿ ಅದನ್ನಿಟ್ಟು, ಪಚಡಿ ಹಾಕಿ, ಮೊಸರು ಬಿಟ್ಟು, ಸುರುಳಿ ಸುತ್ತಿ ತಿಂದನು. ರೊಟ್ಟಿ ಬಾಗುವಲ್ಲಿ ಒಡೆದು ಮೊಸರು ಅವನ ಮುಂಗೈಗೆ ಇಳಿದದ್ದನ್ನು ಹಿರಿಯರು ಕಂಡರು. ಅವರ ಕೈ ರಂಜಕದ ಬಟ್ಟಲ ಕಡೆಗೆ ಎರಡನೆಯ ಸಲ ಹೋದದ್ದನ್ನು ತರುಣನು ಕಂಡನು. ಇಬ್ಬರೂ ಅದನ್ನು ಆಡಿ ತೋರಿಸಲಿಲ್ಲ.

ಹಿರಿಯರು : ನಾಳೆ ಮಕ್ಕಳು ಕೇಳಿದರೆ ಇದಕ್ಕೆ ಏನು ಹೆಸರು ಹೇಳುವೆ?

ತರುಣ : ಮೆರ್ಗೆಜ್ ಎಂದೇ ಹೇಳುತ್ತೇನೆ. ಟ್ಯುನೀಸಿಯ, ಅಲ್ಜೀರಿಯ, ಮೊರಾಕೊದವರದು ಎಂದೂ ಹೇಳುತ್ತೇನೆ.

ಹಿರಿಯರು : ಅದು ಸರಿ. ನುಚ್ಚು, ರೊಟ್ಟಿ, ರಂಜಕ, ಹಕ್ಕರಕಿ ಕೂಡಿ ನಿಂತ ಈ ಎಡೆಗೆ?

ತರುಣ : ಅದಕ್ಕೆ ನಾನು ಹೆಸರಿಡಲಾರೆ. ಮುಂದಿನ ವರುಷ ಸೀತನಿಯ ಕಾಲಕ್ಕೆ ಯಾರಾದರೂ ಇದನ್ನು ಮತ್ತೆ ಬೇಡಿದರೆ, ಬೇಡುವಾಗ ಅವರ ಬಾಯಿಂದ ಯಾವ ಮಾತು ಬರುತ್ತದೆಯೋ ಅದೇ ಹೆಸರಾಗಲಿ.

ಹಿರಿಯರು : ಬೇಡದಿದ್ದರೆ?

ತರುಣನು ಉತ್ತರ ಹೇಳಲಿಲ್ಲ. ಕೆಂಡವನ್ನು ಒಂದು ಕಡ್ಡಿಯಿಂದ ಕೆದಕಿ, ಉಳಿದಿದ್ದ ಸರವನ್ನು ಅದರ ಮೇಲೆ ಹಾಸಿದನು. ಹಿರಿಯರು ತಮ್ಮ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಈ ಸಲ ರೊಟ್ಟಿ ಕೊಡು, ನೋಡೋಣ ಎಂದರು.